ಟಾಕೀಜಿನಲ್ಲಿ ನೋಡಿ ಬಂದ ಯುನಿವರ್ಸಿಟಿ

ಹೋದ ವಾರ ಕಣ್ಣು ತೋರಿಸಲು ಜಮಖಂಡಿಗೆ ಹೋದಾಗ ಆಟೋ ಹಳೆಯ ಟಾಕೀಜಿನ ಮುಂದೆ ನಿಂತಿತು. ಈಗ ಅದು ಗೊಬ್ಬರದ ಗೋದಾಮು. ಟಿಕೀಟು ಕೊಡುತ್ತಿದ್ದ ಕಿಂಡಿಗೆ ಅಡ್ಡವಾಗಿ ಯೂರಿಯಾ ಚೀಲ ಒಟ್ಟಿದ್ದಾರೆ. ಗೊಬ್ಬರದ ಖಾರ ಮೂಗಿಗೆ ಹತ್ತಿದರೂ ನನಗೆ ಬಂದದ್ದು ಬೇರೆಯೇ ವಾಸನೆ. ಬೀಡಿ, ಶೇಂಗಾ ಸಿಪ್ಪೆ, ತೊಯ್ದ ಉಣ್ಣೆ. "ಇಳೀತೀರೇನ್ರಿ ಅಮ್ಮಾ?" ಎಂದು ಆಟೋದವನು ಕೇಳಿದ. ಬೇಡವೆಂದು ತಲೆ ಆಡಿಸಿದೆ.

ಮನೆಗೆ ಬಂದರೆ ನೀವಿಬ್ಬರೂ ಮೊಮ್ಮಕ್ಕಳು ಟಿವಿಯ ಮುಂದೆ ಬೋರಲಾಗಿ ಮಲಗಿದ್ದಿರಿ. ಸಿನಿಮಾದಲ್ಲಿ ಒಬ್ಬ ಪ್ರೊಫೆಸರು ಹಣೆಯ ಮೇಲೆ ಕಣ್ಣಿನ ಚಾಳೀಸು ಏರಿಸಿಕೊಂಡು ಅದೇ ಚಾಳೀಸನ್ನು ಮೇಜಿನ ಕೆಳಗೆ ಹುಡುಕುತ್ತಿದ್ದ. ಹುಡುಗರು ಅವನ ಬೆನ್ನಿಗೆ ಏನೋ ಅಂಟಿಸಿ ಕುಣಿಯುತ್ತಿದ್ದರು. ನೀವು ಹೊಟ್ಟೆ ಹಿಡಿದು ನಕ್ಕಿರಿ. ಸಣ್ಣವಳು ತಿರುಗಿ ಕೇಳಿದಳು: "ಅಜ್ಜಿ, ಅವ್ವ ಕಲಿತ ಯುನಿವರ್ಸಿಟಿ ಹಿಂಗ ಇತ್ತೇನ?" ಮಂಚದ ಮೇಲೆ ಕುಳಿತು ವಿದ್ಯಾರ್ಥಿಗಳ ಬರಹ ತಿದ್ದುತ್ತಿದ್ದ ನಿಮ್ಮ ಅವ್ವ ಒಂದು ಗಳಿಗೆ ನನ್ನನ್ನು ನೋಡಿ ಮತ್ತೆ ಕಾಗದಕ್ಕೆ ತಲೆ ಹಾಕಿದಳು. ನಾನು ಎದ್ದು ಅಡಿಗೆಮನೆಗೆ ಹೋದೆ. ಎದುರಿಗೆ ನಿಂತು ಹೇಳುವ ಧೈರ್ಯ ನನಗೆ ಯಾವತ್ತೂ ಇಲ್ಲ. ಊರ ಸಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಕಲಿತದ್ದಕ್ಕೆ ಬರೆಯಲು ಬರುತ್ತದೆ, ಅಷ್ಟೇ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೇಳುವ ವರ್ಷ ನಿಮ್ಮ ಅಜ್ಜ ತೀರಿಕೊಂಡು ಎರಡು ಮಳೆಗಾಲ ಕಳೆದಿದ್ದವು. ಆಗ ನಾವು ಹುನ್ನೂರಿನಲ್ಲಿದ್ದೆವು. ಹಿಂಡು ಅರ್ಧಕ್ಕೆ ಇಳಿದಿತ್ತು. ನನ್ನ ಮೈದುನ, ನಿಮ್ಮ ಸಿದ್ದಪ್ಪ ಅಜ್ಜ, ಸಕ್ಕರೆ ಕಾರ್ಖಾನೆಯಲ್ಲಿ ಕಾರಕೂನನಾಗಿದ್ದ. ನಿಮ್ಮ ಅವ್ವ ರೇಣುಕಾ ಜಮಖಂಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ್ದಳು. ಅವಳಿಗೆ ಸಸ್ಯಶಾಸ್ತ್ರ ಕಲಿಸಿದ ಕುಸುಮಾ ಮೇಡಂ ಅವರು ಅರ್ಜಿ ತುಂಬಿಸಿ, ಪುಣೆ ಕಡೆಯ ಒಂದು ದೊಡ್ಡ ಯುನಿವರ್ಸಿಟಿಯ ಪರೀಕ್ಷೆ ಬರೆಸಿದ್ದರು. ಯಾವುದೆಂದು ಬರೆಯುವುದಿಲ್ಲ, ಹೆಸರು ಹೇಳಿ ಮೆರೆಯುವುದು ನಿಮ್ಮ ಅವ್ವನಿಗೆ ಸೇರದು. ದೇಶದ ಎಲ್ಲ ಮೂಲೆಯ ಮಕ್ಕಳು ಬರೆದು, ಬೆರಳೆಣಿಕೆಯಷ್ಟು ಮಂದಿಗೆ ಜಾಗ ಸಿಗುವ ಸ್ಥಳ ಎಂದು ತಿಳಿದರೆ ಸಾಕು.

ಪರೀಕ್ಷೆಗೆ ಹೋಗುವ ಮುಂಚೆಯೇ ಸಿದ್ದಪ್ಪ ನನಗೆ ಹೇಳಿಬಿಟ್ಟಿದ್ದ. "ವೈನಿ, ಅಣ್ಣ ಇದ್ದಿದ್ರ ಅಂವನ ಹೇಳತಿದ್ದ. ಈಗ ಹಡದಾಕಿ ನೀವು. ಪತ್ರ ಬಂದ್ರ ನೀವು ಹೂಂ ಅಂದ್ರ ಹೂಂ, ಊಂಹೂಂ ಅಂದ್ರ ಊಂಹೂಂ. ನಾ ನಡುವ ಬಾಯಿ ಹಾಕಂಗಿಲ್ಲ." ಅದು ಮರ್ಯಾದೆಯ ಮಾತು. ನನಗೆ ಮಾತ್ರ ನಿದ್ದೆ ಹೋಯಿತು. ಮದುವೆಗೂ ನನ್ನನ್ನು ಯಾರೂ ಕೇಳಿರಲಿಲ್ಲ. ಬೇರೆಯವರು ಅಂದ ಹೂಂ ಅನ್ನೇ ನನ್ನದು ಎಂದುಕೊಂಡು ಬಂದವಳು ನಾನು.

ಪತ್ರ ಬಂದ ದಿನ ರೇಣುಕಾ ಊರಲ್ಲಿ ಇರಲಿಲ್ಲ. ಬೀಳಗಿಯ ಹತ್ತಿರದ ನನ್ನ ತವರಿಗೆ ಅಣೆಕಟ್ಟಿನ ಹಿನ್ನೀರು ಬಂದು, ನನ್ನ ಅಣ್ಣನವರು ಹೊಸ ಜಾಗಕ್ಕೆ ಮನೆ ಸಾಗಿಸುತ್ತಿದ್ದರು. ಬಾಗಿಲು, ತೊಲೆ, ಕಿಟಕಿಯ ಸರಳು ಎಲ್ಲ ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹೇರುವ ಕೆಲಸ. ಇವಳು ಕೈಹಚ್ಚಲು ಹೋಗಿದ್ದಳು. ಟಪಾಲಿನ ಯಮನಪ್ಪ ಉದ್ದದ ಲಕೋಟೆ ಕೊಟ್ಟ. ಇಂಗ್ಲಿಷು. ಅವನೇ ಒಡೆದು ಓದಿದ.

"ಅವ್ವಾರ, ನಿಮ್ಮ ಹುಡುಗಿ ಆರಿಸಿ ಬಂದಾಳ್ರಿ. ಇಪ್ಪತ್ತು ದಿನದಾಗ ಹೋಗಿ ಹಾಜರಾಗಬೇಕಂತ. ಪೇಡೆ ಯಾವಾಗ?"

"ಯಾರಿಗೂ ಹೇಳಬ್ಯಾಡಪ್ಪ. ಆಕಿಗೆ ನಾನ ಹೇಳತೇನಿ."

"ಛಲೋ ಆತು. ಇಂಥಾ ಸುದ್ದಿ ತಾಯಿನ ಹೇಳಬೇಕು" ಎಂದು ಅವನು ಸೈಕಲ್ಲು ಹತ್ತಿದ.

ನಮ್ಮ ಕುರಿಯವರ ಪದ್ಧತಿಯೊಂದನ್ನು ನಿಮಗೆ ಹೇಳಬೇಕು, ನೀವು ಕಂಡಿಲ್ಲ. ಹಿಂಡನ್ನು ಹೊಸ ಸೀಮೆಗೆ ಹೊಡೆಯುವ ಮೊದಲು ಮನೆಯ ಒಬ್ಬರು ಒಂಟಿಯಾಗಿ ಮುಂದೆ ಹೋಗಿ ನೋಡಿ ಬರುತ್ತಾರೆ. ನೀರು ಎಲ್ಲಿದೆ, ಹುಲ್ಲಿನ ನಡುವೆ ನಂಜಿನ ಗಿಡ ಉಂಟೋ, ಹೊಲದವರು ಎಂಥವರು, ತೋಳ ಬರುತ್ತದೋ. ನೋಡಿ ಬಂದವರು ಹೂಂ ಎನ್ನುವ ತನಕ ಒಂದು ಮರಿಯೂ ಕದಲುವುದಿಲ್ಲ. ನಿಮ್ಮ ಅಜ್ಜ ಇದರಲ್ಲಿ ಹೆಸರಾದವರು. ಒಮ್ಮೆ ತೇರದಾಳದ ಆಚೆ ಮೂರು ದಿನ ತಿರುಗಿ ಬಂದು "ಅಲ್ಲಿ ಬ್ಯಾಡ" ಎಂದರು. ಆ ಸಲ ಅಲ್ಲಿಗೆ ಹೊಡೆದುಕೊಂಡು ಹೋದವರ ಮರಿಗಳು ಹೊಟ್ಟೆ ಉಬ್ಬಿ ಸತ್ತವು.

ಈಗ ಮಗಳ ಸಲುವಾಗಿ ಮುಂದೆ ಹೋಗಿ ನೋಡಬೇಕಾದವಳು ನಾನು. ಪುಣೆ ಎಲ್ಲಿದೆ ಎಂದೂ ಗೊತ್ತಿಲ್ಲ. ಯುನಿವರ್ಸಿಟಿಗೆ ಹೋಗಿ ಬಂದ ಒಬ್ಬ ಹೆಣ್ಣುಮಗಳೂ ನಮ್ಮ ಓಣಿಯಲ್ಲಿ ಇರಲಿಲ್ಲ. ಪಕ್ಕದ ಮನೆಯ ಗಂಗವ್ವ ಸಿನಿಮಾದ ಹುಚ್ಚಿನವಳು. ಅವಳು ಅದೇ ವಾರ ಹೇಳಿದಳು, ಜಮಖಂಡಿಯ ಟಾಕೀಜಿಗೆ ಒಂದು ದೊಡ್ಡ ಕಾಲೇಜಿನ ಸಿನಿಮಾ ಬಂದಿದೆ, ಅರಮನೆಯಂಥ ಕಾಲೇಜು, ಎಲ್ಲ ಶ್ರೀಮಂತರ ಮಕ್ಕಳು ಓದುವಂಥದ್ದು ಎಂದು. ನನಗೆ ದೇವರೇ ದಾರಿ ತೋರಿಸಿದಂತೆ ಆಯಿತು. ಸಂತೆಗೆ ಉಣ್ಣೆ ಒಯ್ಯುತ್ತೇವೆಂದು ಹೇಳಿ ಇಬ್ಬರೂ ಹೋದೆವು. ಗಂಡ ಸತ್ತವಳು ಟಾಕೀಜಿಗೆ ಹೋಗುವುದು ಆಗ ಸಣ್ಣ ಮಾತಲ್ಲ. ಹಣೆಯ ಮೇಲೆ ಸೆರಗು ಎಳೆದುಕೊಂಡು, ಮಾರಿ ಉಳಿದ ಉಣ್ಣೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಂಗಸರ ಸಾಲಿನ ತುದಿಯಲ್ಲಿ ಕುಳಿತೆ. ದಾರಿಯಲ್ಲಿ ತುಂತುರು ಬಿದ್ದು ಗಂಟು ತೊಯ್ದಿತ್ತು.

ಉಳಿದವರು ಆಟ ನೋಡಲು ಬಂದಿದ್ದರು. ನಾನು ಸೀಮೆ ನೋಡಲು ಹೋಗಿದ್ದೆ. ಕಣ್ಣು ಮಿಟುಕಿಸದೆ ನೋಡಿದೆ. ಕಾಲೇಜಿನ ಮೆಟ್ಟಿಲು ನಮ್ಮ ಬೀರಪ್ಪನ ಗುಡಿಯ ಪೌಳಿಗಿಂತ ಅಗಲ. ಒಬ್ಬ ಹುಡುಗ ಮೋಟರ್ ಸೈಕಲ್ಲನ್ನು ಆ ಮೆಟ್ಟಿಲ ಮೇಲೆಯೇ ಹತ್ತಿಸಿ, ಪಾಠ ನಡೆದ ಕೋಣೆಯ ಒಳಗೆ ತಂದು ನಿಲ್ಲಿಸಿದ. ಮಾಸ್ತರರು ಹೆದರಿ ಹಲಗೆಯ ಹಿಂದೆ ಅವಿತರು. ಆಮೇಲೆ ಎಲ್ಲರೂ ಹುಲ್ಲಿನ ಮೇಲೆ ಹಾಡಿದರು.

"ಗಂಗವ್ವ, ಇವರು ಓದೂದು ಯಾವಾಗ?"

"ಸುಮ್ಮನ ನೋಡಬೇ. ಇಂಟರ್ವಲ್ ಆದ ಮ್ಯಾಲ ಓದ್ತಿರಬೇಕು."

ಇಂಟರ್ವಲ್ ಆದ ಮೇಲೆ ಹೊಡೆದಾಟ ಬಂತು. ಗ್ರಂಥಾಲಯವೂ ಒಂದು ಸಲ ಬಂತು. ಕಪಾಟಿನ ಪುಸ್ತಕ ಸರಿಸಿ ಸಂದಿಯಲ್ಲಿ ಹುಡುಗ ಹುಡುಗಿಯನ್ನು ನೋಡಿದ, ಪುಸ್ತಕವನ್ನು ಯಾರೂ ತೆರೆಯಲಿಲ್ಲ. ಅಷ್ಟಾದರೂ ನಾನು ತಡೆದುಕೊಳ್ಳುತ್ತಿದ್ದೆ. ಆದರೆ ಅದರಲ್ಲಿ ಹಳ್ಳಿಯಿಂದ ಬಂದ ಒಬ್ಬ ಹುಡುಗಿ ಇದ್ದಳು. ಎಣ್ಣೆ ಹಚ್ಚಿದ ಎರಡು ಜಡೆ. ಊಟದ ಮೇಜಿನ ಮೇಲೆ ಅವಳು ರೊಟ್ಟಿಯ ಗಂಟು ಬಿಚ್ಚಿದಾಗ ಸುತ್ತ ಕುಳಿತವರು ಮೂಗು ಮುಚ್ಚಿಕೊಂಡರು. ಅವಳು ಮಾತಾಡಿದಂತೆಯೇ ಮಾತಾಡಿ ಅಣಕಿಸಿದರು. ಟಾಕೀಜಿನ ತುಂಬ ಜನ ನಕ್ಕರು. ಗಂಗವ್ವನೂ ನಕ್ಕಳು. ಆ ಹುಡುಗಿ ಜಡೆ ಕತ್ತರಿಸಿ, ಪ್ಯಾಂಟು ತೊಟ್ಟು ಮೆಟ್ಟಿಲು ಇಳಿದು ಬರುವ ತನಕ ಅವಳ ಕಡೆ ಒಬ್ಬರೂ ನೋಡಲಿಲ್ಲ.

ಬಸ್ಸಿನಲ್ಲಿ ಗಂಗವ್ವ ಹಾಡು ಗುನುಗುತ್ತಿದ್ದಳು. ನಾನು ಮನಸ್ಸಿನಲ್ಲೇ ನಿಮ್ಮ ಅಜ್ಜನಿಗೆ ವರದಿ ಒಪ್ಪಿಸುತ್ತಿದ್ದೆ. ನೋಡಿ ಬಂದೆ. ನಂಜಿನ ಗಿಡ ಬಹಳ ಇದೆ. ಅಲ್ಲಿ ಬ್ಯಾಡ.

ಮನೆಗೆ ಬಂದು ಲಕೋಟೆಯನ್ನು ಉಣ್ಣೆಯ ಬುಟ್ಟಿಯ ತಳದಲ್ಲಿ ಇಟ್ಟೆ.

ರೇಣುಕಾ ಮೂರು ದಿನ ಬಿಟ್ಟು ಬಂದಳು. ಅಂಗೈಯಲ್ಲಿ ತೊಲೆ ಎತ್ತಿದ ಬೊಬ್ಬೆ. ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಟಪಾಲ ಬಂತೇನಬೇ?"

"ಇಲ್ಲವ್ವ."

ಒಂದು ಸಲ ಇಲ್ಲ ಎನ್ನುವುದು ಹಗುರ. ದಿನವೂ ಇಲ್ಲ ಎನ್ನುವುದು ಹಾಗಲ್ಲ. ಬೆಳಿಗ್ಗೆ ಕೇಳುತ್ತಿದ್ದಳು, ಮೇಡಂ ಮನೆಗೆ ಹೋಗಿ ಬಂದು ಕೇಳುತ್ತಿದ್ದಳು. ಆ ಆಷಾಢ ನಮ್ಮಲ್ಲಿ ಗಾಳಿಯೇ ಗಾಳಿ, ಮಳೆ ಇಲ್ಲ. ಅಂಗಳದ ಧೂಳು ಒಳಗೆ ಬಂದು ರೊಟ್ಟಿಯ ಮೇಲೆ ಕೂರುತ್ತಿತ್ತು. ನನ್ನ ಕೈಯಲ್ಲಿ ನೂಲು ನಿಲ್ಲುತ್ತಿರಲಿಲ್ಲ. ಬಿಗಿಯಾಗಿ ಹೊಸೆದು ಕಡಿಯುತ್ತಿದ್ದೆ, ಸಡಿಲ ಬಿಟ್ಟರೆ ಗಂಟಾಗುತ್ತಿತ್ತು. ನೀರಿಗೆ ಹೋದವಳು ಬರಿ ಕೊಡ ಹೊತ್ತು ಬಂದದ್ದೂ ಉಂಟು. ಬುಟ್ಟಿಯ ಉಣ್ಣೆ ಮುಗಿಯುತ್ತ ಬಂದ ಹಾಗೆ ಬೇರೆ ಉಣ್ಣೆ ತಂದು ಮೇಲೆ ಸುರಿಯುತ್ತಿದ್ದೆ.

ಇದರ ಮೇಲೆ ಯಮನಪ್ಪ. ಓಣಿಯಲ್ಲಿ ಹಾಯುವಾಗೆಲ್ಲ ಸೈಕಲ್ಲಿನ ಮೇಲಿಂದಲೇ ಕೂಗುತ್ತಿದ್ದ. "ಅವ್ವಾರ, ಪೇಡೆ ಮರತೀರೇನ?"

"ಯಾತರ ಪೇಡೆಬೇ?" ಎಂದು ರೇಣುಕಾ ಒಮ್ಮೆ ಕೇಳಿದಳು.

"ಅಂವಗ ಬಾಯಿಚಟ" ಎಂದೆ. ಅವಳ ಮುಖವನ್ನು ನೋಡಲಾರದೆ ಕುರಿಹಟ್ಟಿಗೆ ಹೋದೆ.

ಹದಿನಾಲ್ಕನೆಯ ದಿನ ತಡೆಯಲಾಗಲಿಲ್ಲ. ಒಂದು ಕಂಬಳಿ ಬಗಲಿಗೆ ಇಟ್ಟುಕೊಂಡು, ಮಾರಿ ಬರುವೆನೆಂದು ಹೇಳಿ, ಜಮಖಂಡಿಯಲ್ಲಿ ಕುಸುಮಾ ಮೇಡಂ ಅವರ ಬಾಡಿಗೆ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದೇ ಇತ್ತು. ಮೇಡಂ ನೆಲದ ಮೇಲೆ ಕುಳಿತಿದ್ದರು. ಸುತ್ತ ಉತ್ತರಪತ್ರಿಕೆಯ ರಾಶಿ. ಚಾಳೀಸಿನ ಒಂದು ಕಾಲು ಮುರಿದು ದಾರ ಕಟ್ಟಿಕೊಂಡಿದ್ದರು. ಒಳಗೆ ಅನ್ನ ತಳ ಹಿಡಿದ ವಾಸನೆ.

"ಬರ್ರಿ, ರೇಣುಕಾನ ಅವ್ವಾರ. ಕಾಲು ನೋಡಿ ಇಡ್ರಿ. ಎಡಕ್ಕ ಪಾಸಾದವರು ಅದಾರ, ಬಲಕ್ಕಿನವರ ಬಗ್ಗೆ ಇನ್ನೂ ವಿಚಾರ ಮಾಡಾಕತ್ತೇನಿ."

ನಾನು ಗೋಡೆಗೆ ಒರಗಿ ಕುಳಿತೆ. ಮೇಡಂ ತಮ್ಮ ಕೆಲಸ ಮುಂದುವರಿಸಿದರು. ಒಂದು ಪತ್ರಿಕೆಗೆ ಅಂಕ ಹಾಕಿ ಬದಿಗಿಟ್ಟರು. ಇನ್ನೊಂದನ್ನು ಅರ್ಧ ಓದಿ, ಮೊದಲಿನದನ್ನು ಮತ್ತೆ ಎಳೆದುಕೊಂಡು, ಹಾಕಿದ ಅಂಕ ಹೊಡೆದು ಹಾಕಿದರು. ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಿದರು.

"ಒಬ್ಬಾಂವ ಬಾಯಿಪಾಠ ಮಾಡಿ ಸರಿ ಬರದಾನ. ಇನ್ನೊಬ್ಬ ತಾನ ವಿಚಾರ ಮಾಡಿ ತಪ್ಪ ಬರದಾನ. ಯಾರಿಗೆ ಹೆಚ್ಚ ಕೊಡ್ಲಿ ಹೇಳ್ರಿ?"

"ವಿಚಾರ ಮಾಡಿದಾಂವಗ್ರಿ" ಎಂದೆ. ಬಾಯಿಂದ ಹಾಗೇ ಬಂತು.

"ಹಂಗ ಕೊಟ್ರ ಮ್ಯಾಲಿನವರು ನನ್ನ ಕೇಳತಾರ. ಅದಕ್ಕ ಅರ್ಧ ತಾಸಿನಿಂದ ಇವೆರಡನ್ನೂ ಹಿಡಕೊಂಡು ಕುಂತೇನಿ." ಅವರು ನಕ್ಕರು. ಮಾತು ಆರಂಭವಾದದ್ದಕ್ಕೆ ನನಗೂ ಧೈರ್ಯ ಬಂತು. ಟಾಕೀಜಿಗೆ ಹೋದದ್ದನ್ನು ಹೇಳಿದೆ. ಮೋಟರ್ ಸೈಕಲ್ಲು, ಹಲಗೆಯ ಹಿಂದೆ ಅವಿತ ಮಾಸ್ತರರು, ರೊಟ್ಟಿಗೆ ಮೂಗು ಮುಚ್ಚಿದ್ದು. "ನೀವು ಅಂಥಾ ಜಾಗಾದಾಗ ಕಲತೀರಂತ. ಅಲ್ಲಿ ಖರೇನ ಹಂಗ ಇರತೈತೇನ್ರಿ?"

ಮೇಡಂ ಮೊದಲು ಬಹಳ ಹೊತ್ತು ನಕ್ಕರು. ಆಮೇಲೆ ಚಾಳೀಸು ತೆಗೆದು ಕಣ್ಣು ಒರೆಸಿಕೊಂಡು ಹೇಳಿದರು.

"ನಾ ಎರಡು ವರ್ಷ ಅಲ್ಲಿ ಮಾಡಿದ್ದೇನು ಗೊತ್ತೇನ್ರಿ? ಒಂದು ಜಾತಿ ಹುಲ್ಲಿನ ಬೇರು ಸಣ್ಣಗ ಕೊಯ್ದು, ಸಣ್ಣದನ್ನ ದೊಡ್ಡದು ಮಾಡಿ ತೋರಸೂ ದುರ್ಬೀನಿನಾಗ ನೋಡೂದು. ದಿನಾ ಆರು ತಾಸು. ಅದನ್ನ ಸಿನಿಮಾ ತಗದ್ರ ಟಿಕೀಟ ಯಾರು ತಗೋತಾರ? ಓದೂದು ಕಣ್ಣಿಗೆ ಕಾಣೂ ಕೆಲಸ ಅಲ್ಲ. ಅದಕ್ಕ ಅವರು ಮೆಟ್ಟಲಾ ತೋರಸತಾರ, ಹುಲ್ಲ ತೋರಸತಾರ, ನಮ್ಮಂಥವರನ್ನ ಕೆಡವಿ ನಗಸತಾರ."

"ರೊಟ್ಟಿದು?"

ಮೇಡಂ ಚಾಳೀಸಿನ ದಾರ ಬಿಗಿ ಮಾಡಿದರು. "ಅದು ಸುಳ್ಳಲ್ಲ. ನನ್ನ ಮಾತಿಗೂ ನಗತಿದ್ರು. ಆರು ತಿಂಗಳ ಸಂಡಾಸದಾಗ ನಿಂತು ಅತ್ತೇನಿ. ಸಿನಿಮಾದಾಗ ಜಡಿ ಕತ್ತರಿಸಿದ್ರ ಅದು ಮುಗೀತೈತಿ. ನನಗ ಮುಗಿದದ್ದು ಹೆಂಗಂದ್ರ, ಒಂದು ದಿನ ಒಂದು ಬೇರು ಯಾರಿಗೂ ಗುರತ ಸಿಗಲಿಲ್ಲ, ನನಗ ಸಿಕ್ಕಿತು. ನಮ್ಮ ಹೊಲದ ಬದುವಿನ ಮ್ಯಾಲ ಬೆಳೀತಿತ್ತು ಅದು. ಆವತ್ತಿನಿಂದ ಬಾಜೂಕ ಬಂದು ಕುಂಡ್ರಾಕ ಶುರು ಮಾಡಿದ್ರು."

ಹಾಗೆಂದವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಪತ್ರ ಬಂದೈತೇನು?"

ನಾನು ಹೌದೆಂದು ತಲೆ ಆಡಿಸಿದೆ.

"ಯಾವಾಗ?"

"ಇವತ್ತಿಗೆ ಹದಿನಾಲ್ಕು ದಿನ ಆತ್ರಿ."

ಮೇಡಂ ಎದ್ದು ನಿಂತರು. ಮಡಿಲಲ್ಲಿದ್ದ ಪತ್ರಿಕೆಗಳೆಲ್ಲ ಕೆಳಗೆ ಬಿದ್ದು ಎಡ ಬಲ ಒಂದಾದವು. ಬೈಯಲಿಲ್ಲ. "ಈಗ ಹೋಗ್ರಿ" ಎಂದರು, "ಬಸ್ಸಿಗೆ ಹೋಗ್ರಿ. ಕಂಬಳಿ ಇಲ್ಲೆ ಬಿಡ್ರಿ, ಹೊರಿ ಯಾಕ."

ರೇಣುಕಾ ಪತ್ರವನ್ನು ಅಂಗಳದಲ್ಲಿ ನಿಂತೇ ಓದಿದಳು. ಲಕೋಟೆಗೆ ಅಂಟಿದ ಉಣ್ಣೆಯ ಎಳೆಗಳನ್ನು ಒಂದೊಂದಾಗಿ ಕಿತ್ತಳು. ಮೇಲಿನ ತಾರೀಖು ನೋಡಿದಳು. "ಯಾಕಬೇ?" ಎಂದಳು.

"ಸಿನಿಮಾ ನೋಡಿದ್ನಿ" ಎಂದೆ.

ಅವಳು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಒಳಗೆ ಹೋಗಿ ಪೆಟ್ಟಿಗೆ ಇಳಿಸಿ ಧೂಳು ಒರೆಸಲು ಶುರು ಮಾಡಿದಳು. ಸಂಜೆ ಸಿದ್ದಪ್ಪ ಬಂದಾಗ ನಾನು ಬಾಗಿಲ ಮರೆಯಿಂದ ಹೊರಗೆ ಬಂದು ಎದುರಿಗೆ ನಿಂತು ಹೂಂ ಎಂದೆ. ಪತ್ರ ಇವತ್ತೇ ಬಂತೆಂದು ರೇಣುಕಾ ಅವನಿಗೆ ಹೇಳಿದಳು. ನಾನು ಕೇಳುತ್ತ ನಿಂತಿದ್ದೆ.

ಇನ್ನು ಆರು ದಿನ. ಕಾಲೇಜಿನ ಕಾಗದ ತರಲು, ಸಿದ್ದಪ್ಪನಿಗೆ ರಜೆ ಸಿಗಲು ಮೂರು ದಿನ ಹೋದವು. ಅಷ್ಟರಲ್ಲಿ ಮೇಲಿನ ಘಟ್ಟದಲ್ಲಿ ಮಳೆ ಹೊಡೆದು ಕೃಷ್ಣೆ ಏರಿತು. ನಮ್ಮ ಅಂಗಳದಲ್ಲಿ ಧೂಳು ಹಾರುತ್ತಿತ್ತು, ಹೊಳೆ ಮಾತ್ರ ದಂಡೆ ಮೀರಿತ್ತು. ಅವರಿಬ್ಬರೂ ಕುಡಚಿಯ ದಾರಿ ಹಿಡಿದು ಹೊರಟರು. ಮುಂದೆ ಸೇತುವೆಯ ಮೇಲೆ ನೀರು. ತೇರದಾಳದಿಂದ ತಿರುಗಿ ಬಂದು ಮುಧೋಳದ ದಾರಿ ಹಿಡಿದರು. ಅಲ್ಲಿ ಘಟಪ್ರಭೆಯೂ ತುಂಬಿ, ಬಸ್ಸು ಬಿಡುವ ತನಕ ಮುಧೋಳದ ನಿಲ್ದಾಣದಲ್ಲಿ ಒಂದು ದಿನ ಕುಳಿತರು.

ಅವರು ಹೋದ ಮೇಲೆ ನಾನು ಮನೆಯಲ್ಲಿ ನಿಲ್ಲಲಿಲ್ಲ. ದಿನವೂ ಜಮಖಂಡಿಯ ಬಸ್ ನಿಲ್ದಾಣಕ್ಕೆ ಹೋಗಿ ಕಂಬಕ್ಕೆ ಒರಗಿ ನಿಲ್ಲುತ್ತಿದ್ದೆ. ಸಿದ್ದಪ್ಪ ಒಬ್ಬನೇ ಇಳಿಯಲಿ ಎಂದು ಬೀರಪ್ಪನಿಗೆ ಹರಕೆ ಹೊತ್ತಿದ್ದೆ. ಐದನೆಯ ದಿನ ಮುಧೋಳದ ಬಸ್ಸಿನಿಂದ ಅವನು ಇಳಿದ. ಹೆಗಲ ಮೇಲೆ ರೇಣುಕಾನ ಪೆಟ್ಟಿಗೆ ಇತ್ತು. ಅವನ ಹಿಂದೆ ಅವಳು.

ಒಂದು ದಿನ ತಡವಾಗಿತ್ತು. ಅವಳ ಜಾಗ ಮುಂದಿನವರಿಗೆ ಹೋಗಿತ್ತು. "ಹೊಳಿ ಕೆಟ್ಟದ್ದು ವೈನಿ" ಎಂದ ಸಿದ್ದಪ್ಪ. "ಎರಡು ದಿನ ಮೊದಲ ಪತ್ರ ಬಂದಿದ್ರ ಆಕ್ಕಿತ್ತು." ಅವನು ಇವತ್ತಿಗೂ ಆ ಮಾತು ಬಂದಾಗ ಹೊಳೆಯನ್ನೇ ಬೈಯುತ್ತಾನೆ. ಇದನ್ನು ಓದಿದ ಮೇಲೆ ನೀವು ಅವನಿಗೆ ಓದಿ ಹೇಳಬಹುದು. ನಾನು ಬೇಡವೆನ್ನುವುದಿಲ್ಲ.

ಆ ವರ್ಷವೆಲ್ಲ ರೇಣುಕಾ ಬನಹಟ್ಟಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದಳು. ಬೆಳಿಗ್ಗೆ ಏಳಕ್ಕೆ ಹೋಗುವಳು, ದೀಪ ಹಚ್ಚುವ ಹೊತ್ತಿಗೆ ಬರುವಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮಾತೂ ಆಡಲಿಲ್ಲ. ಉಪ್ಪು ಕೊಡು, ಬಾಗಿಲು ಹಾಕು, ಅಷ್ಟು. ನಾನು ಕಟ್ಟಿಕೊಟ್ಟ ರೊಟ್ಟಿ ತಿಂದು ಡಬ್ಬಿಯನ್ನು ತಾನೇ ತೊಳೆದು ಇಡುತ್ತಿದ್ದಳು. ಮತ್ತೆ ಆ ಪರೀಕ್ಷೆ ಬರೆದದ್ದನ್ನು ಮೇಡಂ ಹೇಳಿದ ಮೇಲೆಯೇ ನಾನು ತಿಳಿದದ್ದು. ಯಮನಪ್ಪನೂ ನಮ್ಮ ಓಣಿಯಲ್ಲಿ ಪೇಡೆಯ ಮಾತು ಬಿಟ್ಟಿದ್ದ. ಅವನಿಗೆ ಎಲ್ಲ ತಿಳಿದಿತ್ತು.

ಮುಂದಿನ ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ಅವನು ಬಾಗಿಲಿಗೆ ಬಂದು ಸೈಕಲ್ಲಿನಿಂದ ಇಳಿದ. ಕೈಯಲ್ಲಿ ಅದೇ ತರಹದ ಉದ್ದದ ಲಕೋಟೆ. ಕೊಡದೆ ನನ್ನ ಮುಖ ನೋಡಿದ.

"ಅವ್ವಾರ, ಸಂಜೀಕ ರೇಣುಕಾನ ಕೈಯಾಗ ಕೊಡ್ಲೇನ್ರಿ?"

"ಇಲ್ಲೆ ತಾ" ಎಂದೆ.

ಕೊಟ್ಟ. ಕೊಟ್ಟ ಮೇಲೂ ಹೋಗಲಿಲ್ಲ, ಸೈಕಲ್ಲಿನ ಗಂಟೆ ತಿರುವುತ್ತ ನಿಂತೇ ಇದ್ದ. ನಾನು ಒಲೆಗೆ ನೀರು ಹಾಕಿದೆ. ಚಪ್ಪಲಿ ಮೆಟ್ಟಿ ಬಾಗಿಲು ಎಳೆದುಕೊಂಡು ರಸ್ತೆಗೆ ಬಂದೆ. ಸೀರೆಯ ತುಂಬ ಉಣ್ಣೆಯ ತುಣುಕು, ಬದಲಿಸಲು ನಿಲ್ಲಲಿಲ್ಲ. ಜಮಖಂಡಿಯಲ್ಲಿ ಬಸ್ಸು ಬದಲಿಸಿದೆ. ಅದರ ಆಚೆಗೆ ಒಬ್ಬಳೇ ಎಂದೂ ಹೋದವಳಲ್ಲ. ಕಂಡಕ್ಟರನಿಗೆ ಬನಹಟ್ಟಿ ಎಂದು ಎರಡು ಸಲ ಹೇಳಬೇಕಾಯಿತು. ಇಳಿದ ಮೇಲೆ ಮಗ್ಗದ ಸದ್ದಿನ ಓಣಿಗಳಲ್ಲಿ ಗಂಡಸರನ್ನು ನಿಲ್ಲಿಸಿ ಸಾಲೆಯ ದಾರಿ ಕೇಳಿದೆ. ಅವರು ಬಾಯಿ ಅಲುಗಿಸಿದ್ದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಕೈ ತೋರಿಸಿದ ಕಡೆಗೆ ನಡೆದೆ.

ಸಾಲೆಯ ಸಿಪಾಯಿ ತಡೆದ. "ಪಾಠ ನಡದೈತ್ರಿ, ಬಿಟ್ಟ ಮ್ಯಾಲ ಬರ್ರಿ."

"ಬಿಡೂತನ ನಿಂದ್ರೂದಿಲ್ಲ" ಎಂದು ಅವನ ಪಕ್ಕದಿಂದಲೇ ಹಾಯ್ದು ಹೋದೆ.

ನಾನು ಬಾಗಿಲಲ್ಲಿ ಕಂಡೊಡನೆ ಕೋಣೆಯ ಮಕ್ಕಳೆಲ್ಲ ಎದ್ದು ನಿಂತು ನಮಸ್ಕಾರ ಎಂದರು. ಯಾರೋ ದೊಡ್ಡ ಅಧಿಕಾರಿ ಎಂದು ತಿಳಿದಿರಬೇಕು. ಹಲಗೆಯ ಮೇಲೆ ದೊಡ್ಡ ಎಲೆಯೊಂದನ್ನು ಬರೆಯುತ್ತಿದ್ದ ರೇಣುಕಾ ತಿರುಗಿದಳು. ನಾನು ಲಕೋಟೆ ಚಾಚಿದೆ. ಅವಳು ಕೂಡಲೇ ತೆಗೆದುಕೊಳ್ಳಲಿಲ್ಲ. ಕೈಯ ಸೀಮೆಸುಣ್ಣದ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು. ಒಡೆದಿಲ್ಲವೆಂಬುದನ್ನು ನೋಡಿದಳು.

"ಇದು ಬಂದು ಎಷ್ಟು ದಿನ ಆತು?"

ಅಷ್ಟು ಮಕ್ಕಳ ಎದುರಿಗೆ ಕೇಳಿದಳು. ಕೇಳಬೇಕಾದದ್ದೇ.

"ಎರಡು ತಾಸು" ಎಂದೆ. "ಜಮಖಂಡ್ಯಾಗ ಬಸ್ ಅರ್ಧ ತಾಸು ನಿಂತಿತ್ತು. ಇಲ್ಲಾಂದ್ರ ಒಂದೂವರಿ."

ಮುಂದಿನ ಸಾಲಿನ ಒಬ್ಬ ಹುಡುಗಿ ಕಿಸಕ್ಕೆಂದಳು. ರೇಣುಕಾ ಅವಳನ್ನು ಗದರಿಸಲಿಲ್ಲ. ಲಕೋಟೆ ಒಡೆದು ಮೇಲಿನಿಂದ ಕೆಳಗಿನ ತನಕ ಓದಿದಳು, ಹಿಂದಿನ ಮಗ್ಗುಲನ್ನೂ ನೋಡಿದಳು. ಮಡಚಿ ಪುಸ್ತಕದಲ್ಲಿ ಇಟ್ಟಳು.

"ಹಾಜರಾಗಾಕ ಇನ್ನ ದಿನ ಅದಾವ, ಪಾಠ ಹತ್ತು ಮಿನಿಟ ಐತಿ" ಎಂದಳು. "ಹಿಂದ ಹೋಗಿ ಕುಂಡ್ರಬೇ. ಕೂಡೆ ಮನೀಗೆ ಹೋಗೂಣು."

ಕೊನೆಯ ಬೆಂಚಿನ ಹುಡುಗಿಯರು ಸರಿದು ಜಾಗ ಕೊಟ್ಟರು. ರೇಣುಕಾ ಹಲಗೆಗೆ ತಿರುಗಿ ಎಲೆಯ ನರಗಳನ್ನು ಎಳೆಯತೊಡಗಿದಳು. ಅವಳ ಕೈ ತಪ್ಪಿತು. ಅಳಿಸಿ ಮತ್ತೆ ಎಳೆದಳು. ಮತ್ತೆ ತಪ್ಪಿತು, ಮತ್ತೆ ಅಳಿಸಿದಳು. ಮಕ್ಕಳೆಲ್ಲ ತಮ್ಮ ನೋಟುಬುಕ್ಕಿನಲ್ಲೂ ಎರಡು ಸಲ ಅಳಿಸಿ ಬರೆದುಕೊಂಡರು.